ಅತಿವಾಹಕ ಸುರುಳಿಗಳಲ್ಲಿ ಶಕ್ತಿನಷ್ಟ ಮತ್ತು ಅದರ ಮಾಪನ

ಅತಿವಾಹಕದಲ್ಲಿ ವಿದ್ಯುತ್ ಪ್ರವಾಹವು ಯಾವ ರೋಧವನ್ನೂ ಎದುರಿಸದೆ ಹರಿಯುತ್ತದೆ, ಆದುದರಿಂದ ಅಲ್ಲಿ ಶಕ್ತಿ ನಷ್ಟವಾಗುವ ಪ್ರಶ್ನೆಯೇ ಇಲ್ಲ ಎಂಬ ಮಾತು ಪಠ್ಯಪುಸ್ತಕಗಳಲ್ಲಿಯೂ ಜನಪ್ರಿಯ ವಿಜ್ಞಾನ ಬರಹಗಳಲ್ಲಿಯೂ ಪದೇ ಪದೇ ಕಾಣಸಿಗುತ್ತದೆ. ಈ ಮಾತು ಸುಳ್ಳಲ್ಲ. ಆದರೆ ಪೂರ್ಣ ಸತ್ಯವೂ ಅಲ್ಲ. ಪ್ರವಾಹವೂ ಕಾಂತಕ್ಷೇತ್ರವೂ ಬದಲಾಗದೆ ಸ್ಥಿರವಾಗಿ ನಿಂತಿರುವಷ್ಟು ಕಾಲ ಮಾತ್ರ ಅದು ಸಲ್ಲುತ್ತದೆ. ಎರಡರಲ್ಲಿ ಯಾವುದೊಂದು ಏರಿಳಿದರೂ ಅತಿವಾಹಕದ ತಂತಿ ಬಿಸಿಯಾಗುತ್ತದೆ. ಆಸ್ಪತ್ರೆಯ ಎಂ.ಆರ್.ಐ. ಯಂತ್ರದ ಸುರುಳಿಯಲ್ಲಿ ಒಮ್ಮೆ ಪ್ರವಾಹ ತುಂಬಿ ಬಿಟ್ಟರೆ ಅದು ವರ್ಷಗಟ್ಟಲೆ ಹಾಗೆಯೇ ಸುತ್ತುತ್ತಿರುತ್ತದೆ. ಅಲ್ಲಿ ಈ ಮಿತಿ ಯಾರ ಗಮನಕ್ಕೂ ಬರುವುದಿಲ್ಲ. ಬೈಜಿಕ ಸಮ್ಮಿಲನದ ಯಂತ್ರಗಳ ಸುರುಳಿಗಳಿಗೆ ಅಂಥ ನೆಮ್ಮದಿ ಇಲ್ಲ. ಅವುಗಳ ಕ್ಷೇತ್ರ ಕೆಲವೇ ಸೆಕೆಂಡುಗಳಲ್ಲಿ ಏರಬೇಕು, ಇಳಿಯಬೇಕು, ಕೆಲವೊಮ್ಮೆ ದಿಕ್ಕನ್ನೇ ಬದಲಿಸಬೇಕು. ಆಗ ಹುಟ್ಟುವ ಶಾಖ ಎಷ್ಟು, ಅದನ್ನು ಅಳೆಯುವುದು ಹೇಗೆ, ಅಳೆದ ಲೆಕ್ಕವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುವು ಈ ಯಂತ್ರಗಳ ಅಳಿವು ಉಳಿವಿಗೆ ಸಂಬಂಧಿಸಿದ ಪ್ರಶ್ನೆಗಳಾಗಿವೆ.

ಪರಿಭಾಷೆಯ ಬಗೆಗೆ ಒಂದು ಮಾತು ಇಲ್ಲಿ ಅಗತ್ಯ. ಕನ್ನಡದಲ್ಲಿ ಅತಿವಾಹಕ, ಅಧಿವಾಹಕ ಎಂಬ ಎರಡು ರೂಪಗಳೂ ಬಳಕೆಯಲ್ಲಿವೆ. ಇಲ್ಲಿ ಮೊದಲನೆಯದನ್ನು ಇಟ್ಟುಕೊಳ್ಳಲಾಗಿದೆ. ‘ನಷ್ಟ’ ಎಂಬ ಪದವಾದರೋ ಕೊಂಚ ದಾರಿತಪ್ಪಿಸುವಂಥದು. ಶಕ್ತಿ ಎಲ್ಲಿಯೂ ನಾಶವಾಗುವುದಿಲ್ಲ. ಕಾಂತಕ್ಷೇತ್ರದಲ್ಲಿ ಅಡಗಿದ್ದ ಶಕ್ತಿಯ ಒಂದಂಶ ಶಾಖವಾಗಿ ಮಾರ್ಪಟ್ಟು, ತಂಪಾಗಿಯೇ ಇರಬೇಕಾದ ಜಾಗದಲ್ಲಿ ಬಂದು ಕೂರುತ್ತದೆ. ತೊಂದರೆ ಇರುವುದು ಶಕ್ತಿ ಹೋದದ್ದರಲ್ಲಿ ಅಲ್ಲ, ಅದು ಹೋಗಿ ಸೇರಿದ ಸ್ಥಳದಲ್ಲಿ.

ಹಾಲೆಂಡಿನ ಲೈಡನ್ ನಗರದಲ್ಲಿ ಹೈಕೆ ಕಾಮರ್ಲಿಂಗ್ ಓನ್ನೆಸ್ 1908ರಲ್ಲಿ ಹೀಲಿಯಂ ಅನಿಲವನ್ನು ದ್ರವೀಕರಿಸಿದನು. 1911ರಲ್ಲಿ ಪಾದರಸದ ರೋಧ ಸುಮಾರು 4.2 ಕೆಲ್ವಿನ್ ಉಷ್ಣತೆಯಲ್ಲಿ ಥಟ್ಟನೆ ಮಾಯವಾಗುವುದು ಅವನ ಪ್ರಯೋಗಶಾಲೆಯಲ್ಲಿ ಕಂಡುಬಂತು. ಆದರೆ ಪಾದರಸ, ಸೀಸಗಳಂಥ ಶುದ್ಧ ಲೋಹಗಳ ಅತಿವಾಹಕತೆ ಅಲ್ಪ ಕಾಂತಕ್ಷೇತ್ರಕ್ಕೇ ಅಳಿಸಿಹೋಗುತ್ತಿದ್ದುದರಿಂದ ಪ್ರಬಲ ಕಾಂತಗಳನ್ನು ಕಟ್ಟುವ ಆಸೆ ಐದು ದಶಕಗಳ ಕಾಲ ಆಸೆಯಾಗಿಯೇ ಉಳಿಯಿತು. ನಯೋಬಿಯಂ ಮತ್ತು ತವರದ ಸಂಯುಕ್ತವು 18 ಕೆಲ್ವಿನ್ ವರೆಗೂ ಅತಿವಾಹಕವೆಂಬುದು 1954ರಲ್ಲಿ ತಿಳಿಯಿತು. ಅದೇ ಸಂಯುಕ್ತ 8.8 ಟೆಸ್ಲಾ ಕ್ಷೇತ್ರದಲ್ಲಿಯೂ ಒಂದು ಚದರ ಸೆಂಟಿಮೀಟರಿಗೆ ಒಂದು ಲಕ್ಷ ಆಂಪಿಯರ್ ಪ್ರವಾಹವನ್ನು ಹೊರಬಲ್ಲುದೆಂದು ಅಮೆರಿಕದ ಬೆಲ್ ಪ್ರಯೋಗಶಾಲೆಯ ಕುನ್ಜ್ಲರ್ ಮತ್ತು ಸಂಗಡಿಗರು 1961ರಲ್ಲಿ ತೋರಿಸಿದರು. ಇಂದಿನ ಸಮ್ಮಿಲನ ಯಂತ್ರಗಳ ಸುರುಳಿಗಳು ಬಹುಮಟ್ಟಿಗೆ ಈ ಸಂಯುಕ್ತದಿಂದ, ಇಲ್ಲವೆ ನಯೋಬಿಯಂ–ಟೈಟೇನಿಯಂ ಮಿಶ್ರಲೋಹದಿಂದ ಆದವು.

ಸಮ್ಮಿಲನದಲ್ಲಿ ಹೈಡ್ರೊಜನ್ನಿನ ಸಮಸ್ಥಾನಿಗಳಾದ ಡ್ಯೂಟೀರಿಯಂ ಮತ್ತು ಟ್ರಿಷಿಯಂಗಳ ನ್ಯೂಕ್ಲಿಯಸ್ಸುಗಳನ್ನು ಬೆಸೆದು ಶಕ್ತಿಯನ್ನು ಪಡೆಯಬೇಕು. ಅದಕ್ಕಾಗಿ ಅನಿಲವನ್ನು ಹದಿನೈದು ಕೋಟಿ ಡಿಗ್ರಿಯಷ್ಟು ಕಾಯಿಸಬೇಕು. ಇಂಥ ಪ್ಲಾಸ್ಮಾವನ್ನು ಯಾವ ಪಾತ್ರೆಯೂ ಹಿಡಿದಿಡಲಾರದು. ಕಾಂತಕ್ಷೇತ್ರವೇ ಅದಕ್ಕೆ ಪಾತ್ರೆ. ಬಳೆಯಾಕಾರದ ಈ ಯಂತ್ರಕ್ಕೆ ಟೊಕಮಾಕ್ ಎಂದು ಹೆಸರು. ಭಾರತವೂ ಸೇರಿದಂತೆ ಏಳು ಪಾಲುದಾರರು ಫ್ರಾನ್ಸಿನ ಕದರಾಶ್‌ನಲ್ಲಿ ಕಟ್ಟುತ್ತಿರುವ ಇಟರ್ ಈ ಜಾತಿಯ ಯಂತ್ರಗಳಲ್ಲಿ ಅತ್ಯಂತ ದೊಡ್ಡದು. ಬಳೆಯನ್ನು ಸುತ್ತುವರಿದ ಹದಿನೆಂಟು ಸುರುಳಿಗಳ ಕ್ಷೇತ್ರ ಹೆಚ್ಚುಕಡಿಮೆ ಸ್ಥಿರವಾದುದು. ನಡುವೆ ಕಂಬದಂತೆ ನಿಲ್ಲುವ ಕೇಂದ್ರ ಸೊಲೆನಾಯ್ಡಿನ ಕೆಲಸವೇ ಬೇರೆ. ಅದು ಟ್ರಾನ್ಸ್‌ಫಾರ್ಮರಿನ ಮೊದಲ ಸುರುಳಿಯಿದ್ದಂತೆ. ಪ್ಲಾಸ್ಮಾ ಎರಡನೆಯ ಸುರುಳಿ. ಸೊಲೆನಾಯ್ಡಿನ ಕ್ಷೇತ್ರ 13 ಟೆಸ್ಲಾದಿಂದ ಇಳಿದು, ಸೊನ್ನೆಯನ್ನು ದಾಟಿ, ವಿರುದ್ಧ ದಿಕ್ಕಿಗೆ ಹೊರಳುವಾಗ ಪ್ಲಾಸ್ಮಾದಲ್ಲಿ 150 ಲಕ್ಷ ಆಂಪಿಯರ್ ಪ್ರವಾಹ ಪ್ರೇರಿತವಾಗಬೇಕು. ಸ್ಥಿರ ಕ್ಷೇತ್ರದಲ್ಲಿ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡದು. ಹೀಗಾಗಿ ಬದಲಾವಣೆ ಈ ಸುರುಳಿಯ ಧರ್ಮವೇ ಆಗಿದೆ. ಅದರೊಡನೆ ಬರುವ ಶಾಖವನ್ನು ತಪ್ಪಿಸುವಂತಿಲ್ಲ.

ಈ ಶಾಖ ಸ್ವಲ್ಪವೇ ಇದ್ದರೂ ಯಾಕೆ ಅಂಜಬೇಕು? ಎರಡು ಕಾರಣಗಳಿವೆ. ಮೊದಲನೆಯದು ಶೈತ್ಯೀಕರಣದ ವೆಚ್ಚ. 4.5 ಕೆಲ್ವಿನ್ನಿನಲ್ಲಿ ಹುಟ್ಟಿದ ಒಂದು ವ್ಯಾಟ್ ಶಾಖವನ್ನು ಕೋಣೆಯ ಉಷ್ಣತೆಗೆ ಎತ್ತಿ ಹಾಕಲು, ಯಾವ ಕುಂದೂ ಇಲ್ಲದ ಆದರ್ಶ ಯಂತ್ರಕ್ಕೂ 65 ವ್ಯಾಟಿಗಿಂತ ಹೆಚ್ಚು ಬೇಕು. ಇದು ಉಷ್ಣಗತಿವಿಜ್ಞಾನದ ಕಟ್ಟಳೆ. ವಾಸ್ತವದ ದೊಡ್ಡ ಸ್ಥಾವರಗಳಲ್ಲಿ ಅದು 200 ವ್ಯಾಟನ್ನು ಮೀರುತ್ತದೆ. ಎರಡನೆಯ ಕಾರಣ ಇನ್ನೂ ಗಂಭೀರವಾದುದು. ಒಂದು ಕಿಲೋಗ್ರಾಂ ತಾಮ್ರವನ್ನು ಒಂದು ಡಿಗ್ರಿ ಬಿಸಿಮಾಡಲು ಕೋಣೆಯ ಉಷ್ಣತೆಯಲ್ಲಿ 385 ಜೌಲ್ ಬೇಕು. 4 ಕೆಲ್ವಿನ್ನಿನಲ್ಲಿ ಅದಕ್ಕೆ ಸುಮಾರು 0.1 ಜೌಲ್ ಸಾಕು. ಅಷ್ಟು ತಣ್ಣಗಿರುವ ಲೋಹಕ್ಕೆ ಶಾಖವನ್ನು ತಾಳಿಕೊಳ್ಳುವ ಗುಣವೇ ಇಲ್ಲವೆನ್ನಬಹುದು. ಸುರುಳಿಯ ಉಷ್ಣತೆ ಎಷ್ಟು ಏರಿದರೂ ಅಪಾಯವಿಲ್ಲ ಎಂಬ ಅಂತರವೋ, ಇಟರ್‌ನ ನಯೋಬಿಯಂ–ತವರದ ಸುರುಳಿಗಳಲ್ಲಿ ಸುಮಾರು 0.7 ಕೆಲ್ವಿನ್ ಮಾತ್ರ. ಅದನ್ನು ಮೀರಿದರೆ ತಂತಿಯ ಒಂದು ಭಾಗ ಸಾಮಾನ್ಯ ಲೋಹವಾಗುತ್ತದೆ. ಅಲ್ಲಿ ರೋಧ ತಲೆದೋರಿ ಇನ್ನಷ್ಟು ಶಾಖ ಹುಟ್ಟುತ್ತದೆ. ಅದು ಪಕ್ಕಕ್ಕೂ ಹಬ್ಬುತ್ತದೆ. ಇದನ್ನು ಕ್ವೆಂಚ್ ಎನ್ನುತ್ತಾರೆ. ದೀಪ ಆರುವಂತೆ ಅತಿವಾಹಕತೆ ಆರಿಹೋಗುವುದು ಎಂದು ಕನ್ನಡದಲ್ಲಿ ಹೇಳಬಹುದು. ಆದರೆ ಆರುವ ದೀಪ ತಣ್ಣಗಾಗುತ್ತದೆ, ಇದು ಉರಿಯತೊಡಗುತ್ತದೆ ಎಂಬ ವ್ಯತ್ಯಾಸವನ್ನು ಮರೆಯಬಾರದು. ಸುರುಳಿಯಲ್ಲಿ ತುಂಬಿರುವ ಅಪಾರ ಶಕ್ತಿಯನ್ನು ಆಗ ಕೂಡಲೆ ಹೊರಗಿನ ರೋಧಕಗಳಿಗೆ ಸಾಗಿಸದಿದ್ದರೆ ಸುರುಳಿಯೇ ಸುಟ್ಟುಹೋಗುವ ಸಂಭವವಿದೆ.

ನಷ್ಟದಲ್ಲಿ ಮುಖ್ಯವಾಗಿ ಎರಡು ಬಗೆ. ಹೊರಗಿನ ಕ್ಷೇತ್ರ ಬದಲಾದಾಗ ಅದನ್ನು ತಡೆಯಲು ಅತಿವಾಹಕದ ಹೊರ ಅಂಚಿನಲ್ಲಿ ಪ್ರವಾಹಗಳು ಏಳುತ್ತವೆ. ಕ್ಷೇತ್ರ ಒಳಕ್ಕೆ ನುಗ್ಗುವುದು ಈ ತಡೆಯನ್ನು ಬಲವಂತವಾಗಿ ದಾಟಿಕೊಂಡೇ. ಹೊರಬರುವಾಗಲೂ ಅಷ್ಟೇ ಪ್ರಯಾಸ. ಹೋದ ದಾರಿಯೂ ಬಂದ ದಾರಿಯೂ ಒಂದೇ ಆಗುವುದಿಲ್ಲ. ನಕ್ಷೆಯಲ್ಲಿ ಬರೆದರೆ ಈ ಎರಡು ದಾರಿಗಳ ನಡುವೆ ಒಂದು ಮುಚ್ಚಿದ ಆವರಣ ಉಂಟಾಗುತ್ತದೆ. ಆ ಆವರಣದ ವಿಸ್ತೀರ್ಣವೇ ಒಂದು ಆವರ್ತದ ನಷ್ಟ. ಇದು ಹಿಸ್ಟರಿಸಿಸ್ ನಷ್ಟ. ಇದನ್ನು ಲೆಕ್ಕಹಾಕುವ ಸರಳ ಮಾದರಿಯನ್ನು ಚಾರ್ಲ್ಸ್ ಬೀನ್ 1962ರಲ್ಲಿ ಕೊಟ್ಟನು. ಅತಿವಾಹಕದ ಎಳೆ ದಪ್ಪವಾದಷ್ಟೂ ನಷ್ಟ ಹೆಚ್ಚು ಎಂಬುದು ಅದರಿಂದ ಹೊರಡುವ ಫಲಿತಾಂಶ. ಪರಿಹಾರವೂ ಅದರಲ್ಲಿಯೇ ಇದೆ: ಎಳೆಗಳನ್ನು ಕೂದಲಿಗಿಂತ ಹತ್ತು ಪಟ್ಟು ತೆಳುವಾದ ಸಾವಿರಾರು ತಂತುಗಳಾಗಿ ಒಡೆದು ತಾಮ್ರದಲ್ಲಿ ಹುದುಗಿಸುವುದು. ಜಿನೀವಾ ಬಳಿಯ ಲಾರ್ಜ್ ಹ್ಯಾಡ್ರಾನ್ ಕೊಲೈಡರಿನ ಕಾಂತಗಳಲ್ಲಿ ತಂತುಗಳ ವ್ಯಾಸ 6–7 ಮೈಕ್ರೋಮೀಟರ್ ಮಾತ್ರ.

ಹೀಗೆ ಒಂದು ಕಾಟವನ್ನು ಕಳೆಯಹೋದಾಗ ಇನ್ನೊಂದು ಬಂದು ಸೇರಿಕೊಂಡಿತು. ಒಂದೇ ತಾಮ್ರದಲ್ಲಿ ಹುದುಗಿದ ಎರಡು ತಂತುಗಳು ಕೂಡಿ ಉದ್ದನೆಯ ಕುಣಿಕೆಯಾಗುತ್ತವೆ. ಕ್ಷೇತ್ರ ಬದಲಾದಾಗ ಪ್ರವಾಹ ಒಂದು ತಂತುವಿನಲ್ಲಿ ಹೋಗಿ, ತಾಮ್ರವನ್ನು ಅಡ್ಡದಾಟಿ, ಮತ್ತೊಂದರಲ್ಲಿ ಮರಳುತ್ತದೆ. ತಂತುಗಳಲ್ಲಿ ರೋಧವಿಲ್ಲ, ಆದರೆ ಅಡ್ಡದಾಟುವ ಜಾಗದಲ್ಲಿ ಇದೆ, ಅಲ್ಲಿ ಶಾಖ ಹುಟ್ಟುತ್ತದೆ. ಇದು ಸಂಯೋಜನ ನಷ್ಟ. ಇದಕ್ಕೆ ಕಂಡುಕೊಂಡ ಉಪಾಯ ಹಗ್ಗ ಹೊಸೆಯುವವರಿಗೆಲ್ಲ ಗೊತ್ತಿರುವುದೇ: ಹುರಿಗೊಳಿಸುವುದು. ತಂತಿಯನ್ನು ತಿರುಚಿದರೆ ಪ್ರತಿ ಅರ್ಧ ಸುತ್ತಿನಲ್ಲಿಯೂ ಕುಣಿಕೆಯ ದಿಕ್ಕು ಹೊರಳಿ, ಪ್ರೇರಿತ ವೋಲ್ಟೇಜು ಒಂದನ್ನೊಂದು ತೊಡೆದುಹಾಕುತ್ತದೆ. ಹುರಿಯ ಒಂದು ಪೂರ್ಣ ಸುತ್ತಿನ ಉದ್ದವನ್ನು ಅರ್ಧಕ್ಕೆ ಇಳಿಸಿದರೆ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ. 1970ರ ಸುಮಾರಿಗೆ ಇಂಗ್ಲೆಂಡಿನ ರುದರ್‌ಫರ್ಡ್ ಪ್ರಯೋಗಶಾಲೆಯಲ್ಲಿ ಮಾರ್ಟಿನ್ ವಿಲ್ಸನ್ ಮತ್ತಿತರರು ಈ ತತ್ತ್ವವನ್ನು ಸ್ಪಷ್ಟಪಡಿಸಿದರು.

ಸಮ್ಮಿಲನ ಯಂತ್ರಗಳ ವಾಹಕ ಇಂಥ ಒಂದೇ ತಂತಿಯಲ್ಲ. ಇಟರ್‌ನ ಕೇಂದ್ರ ಸೊಲೆನಾಯ್ಡಿನಲ್ಲಿ 0.83 ಮಿಲಿಮೀಟರ್ ವ್ಯಾಸದ 864 ತಂತಿಗಳನ್ನು ಹಂತ ಹಂತವಾಗಿ ಹುರಿಗೊಳಿಸಿ, ಉಕ್ಕಿನ ಕೊಳವೆಯೊಳಗೆ ತೂರಿಸಿದ್ದಾರೆ. ಅವುಗಳಲ್ಲಿ 576 ಅತಿವಾಹಕದವು, ಉಳಿದವು ತಾಮ್ರದವು. ತಂತಿಗಳ ಸಂದಿಯಲ್ಲಿ ಒತ್ತಡದ ಹೀಲಿಯಂ ಹರಿಯುತ್ತದೆ. ಈಗ ಕುಣಿಕೆಗಳು ತಂತುಗಳ ನಡುವೆ ಮಾತ್ರವಲ್ಲದೆ ತಂತಿ ತಂತಿಗಳ ನಡುವೆ, ಗೊಂಚಲು ಗೊಂಚಲುಗಳ ನಡುವೆಯೂ ಏರ್ಪಡುತ್ತವೆ. ಅವೆಲ್ಲವುಗಳ ಒಟ್ಟು ಪರಿಣಾಮವನ್ನು ಎಂಜಿನಿಯರುಗಳು ಒಂದು ಕಾಲಾವಧಿಯ ರೂಪದಲ್ಲಿ ಹೇಳುತ್ತಾರೆ. ಅದು ಒಂದು ಸೆಕೆಂಡಿನ ಹತ್ತನೆಯ ಒಂದಂಶವಾಗಿದ್ದು, ಕ್ಷೇತ್ರ ಸೆಕೆಂಡಿಗೆ ಒಂದು ಟೆಸ್ಲಾ ವೇಗದಲ್ಲಿ ಬದಲಾದರೆ, ಪ್ರತಿ ಘನ ಸೆಂಟಿಮೀಟರಿಗೆ ಸುಮಾರು 80 ಮಿಲಿವ್ಯಾಟ್ ಶಾಖ ಹುಟ್ಟುತ್ತದೆ. ಕೇಳಲು ಅಲ್ಪ. ಆದರೆ ಹೀಲಿಯಂ ಇಲ್ಲದಿದ್ದರೆ ಅದು ಒಂದೇ ಸೆಕೆಂಡಿನಲ್ಲಿ ತಾಮ್ರವನ್ನು ಸುಮಾರು ಹತ್ತು ಕೆಲ್ವಿನ್ ಏರಿಸಬಲ್ಲುದು. ಈ ಕಾಲಾವಧಿಯನ್ನು ಲೆಕ್ಕದಿಂದಲೇ ಪಡೆಯಲು ಬಾರದು. ಸಾವಿರಾರು ಸ್ಪರ್ಶಬಿಂದುಗಳ ರೋಧವನ್ನು ಯಾವ ಸೂತ್ರವೂ ಮುಂದಾಗಿ ಹೇಳಲಾರದು. ಆದ್ದರಿಂದ ಅಳೆಯಬೇಕು.

ಅಳೆಯುವ ಮಾರ್ಗಗಳಲ್ಲಿ ಹೆಚ್ಚು ನೇರವಾದುದು ಶಾಖವನ್ನೇ ಅಳೆಯುವುದು. ಚಿಕ್ಕ ಮಾದರಿಯಾದರೆ ಅದನ್ನು ದ್ರವ ಹೀಲಿಯಂನಲ್ಲಿ ಮುಳುಗಿಸಿ, ಕುದಿದು ಹೊರಬರುವ ಅನಿಲವನ್ನು ಅಳೆದರೆ ಸಾಕು. ಒಂದು ವ್ಯಾಟ್ ಶಾಖ ಗಂಟೆಗೆ ಸುಮಾರು 1.4 ಲೀಟರ್ ದ್ರವವನ್ನು ಆವಿಮಾಡುತ್ತದೆ. ಅದು ಕೋಣೆಗೆ ಬರುವಷ್ಟರಲ್ಲಿ ನಿಮಿಷಕ್ಕೆ ಹದಿನಾರು ಲೀಟರಿಗೂ ಹೆಚ್ಚು ಅನಿಲವಾಗಿರುತ್ತದೆ. ಇಷ್ಟು ದೊಡ್ಡ ಸೂಚನೆ ಸಿಗುವುದು ಈ ವಿಧಾನದ ಭಾಗ್ಯ. ಕೊಳವೆಯೊಳಗೆ ಹೀಲಿಯಂ ಹರಿಯುವ ದೊಡ್ಡ ಸುರುಳಿಗೆ ಇದು ಹೊಂದದು. ಅಲ್ಲಿ ಒಳಬರುವ ಮತ್ತು ಹೊರಹೋಗುವ ಹೀಲಿಯಂನ ಉಷ್ಣತೆ, ಒತ್ತಡ, ಹರಿವಿನ ಪ್ರಮಾಣಗಳನ್ನು ಅಳೆದು, ಎರಡೂ ತುದಿಗಳ ಶಾಖಾಂಶದ ವ್ಯತ್ಯಾಸವನ್ನು ಕಾಲದುದ್ದಕ್ಕೂ ಕೂಡಿಸುತ್ತಾರೆ. ಹೇಳುವುದು ಸುಲಭ. ಉಷ್ಣತಾಮಾಪಕ ಕೆಲವು ಮಿಲಿಕೆಲ್ವಿನ್ ತಪ್ಪಿದರೂ ಫಲಿತಾಂಶ ಕೆಡುತ್ತದೆ. ಈ ಸ್ಥಿತಿಯಲ್ಲಿರುವ ಹೀಲಿಯಂನ ಶಾಖಾಂಶ ಒತ್ತಡಕ್ಕೂ ಬಹಳ ಸೂಕ್ಷ್ಮವಾಗಿ ಸ್ಪಂದಿಸುತ್ತದೆ. ನಷ್ಟವಿಲ್ಲದಾಗಲೂ ಹೊರಗಿನಿಂದ ಒಂದಿಷ್ಟು ಶಾಖ ಸೋರಿ ಬರುತ್ತಿರುತ್ತದೆ. ಅದನ್ನು ಮೊದಲೇ ಅಳೆದು ಕಳೆಯಬೇಕು. ಹೀಗಾಗಿ ಎಚ್ಚರವುಳ್ಳ ಪ್ರಯೋಗಕಾರರು ಕೊಳವೆಯ ಮೇಲೆ ವಿದ್ಯುತ್ ಹೀಟರನ್ನು ಕೂರಿಸಿ, ಗೊತ್ತಿರುವಷ್ಟು ಜೌಲ್ ಶಾಖವನ್ನು ತಾವೇ ಕೊಟ್ಟು, ಉಪಕರಣಗಳು ಅಷ್ಟನ್ನೇ ತೋರಿಸುವುವೇ ಎಂದು ಮೊದಲು ಪರೀಕ್ಷಿಸುತ್ತಾರೆ. ತಕ್ಕಡಿಯನ್ನು ತೂಕದ ಕಲ್ಲಿನಿಂದ ಪರೀಕ್ಷಿಸಿದಂತೆ ಇದು. ಈ ಹಂತವನ್ನು ಬಿಟ್ಟ ಮಾಪನವನ್ನು ಮಾಪನವೆಂದು ಕರೆಯಲಾಗದು. ಶಾಖ ಎಲ್ಲಿ ಹುಟ್ಟಿತು, ಯಾವ ಗಳಿಗೆಯಲ್ಲಿ ಹುಟ್ಟಿತು ಎಂಬುದನ್ನು ಮಾತ್ರ ಈ ವಿಧಾನ ಸರಿಯಾಗಿ ಹೇಳದು. ಬಿಸಿಯಾದ ಹೀಲಿಯಂ ಉದ್ದನೆಯ ಕೊಳವೆಯನ್ನು ಕ್ರಮಿಸಿ ಹೊರಬರಲು ನಿಮಿಷಗಳೇ ಹಿಡಿಯುತ್ತವೆ.

ಎರಡನೆಯದು ಕಾಂತೀಕರಣದ ವಿಧಾನ. ಮಾದರಿಯ ಸುತ್ತ ಒಂದು ಸಂವೇದಕ ಸುರುಳಿ, ದೂರದಲ್ಲಿ ಅದರದೇ ಜೋಡಿ ಇನ್ನೊಂದು. ಎರಡರ ವೋಲ್ಟೇಜುಗಳ ವ್ಯತ್ಯಾಸವನ್ನು ಕೂಡಿಸಿದರೆ ಮಾದರಿಯ ಕಾಂತೀಕರಣ ದೊರೆಯುತ್ತದೆ. ಮೇಲೆ ಹೇಳಿದ ಆವರಣದ ವಿಸ್ತೀರ್ಣ ನೇರವಾಗಿ ಸಿಗುತ್ತದೆ. ಇದು ಕ್ಷಿಪ್ರ, ಸೂಕ್ಷ್ಮ. ಆದರೆ ಎರಡು ಸುರುಳಿಗಳು ಪೂರ್ತಿ ಹೊಂದದಿದ್ದರೆ, ಇಲ್ಲವೆ ಸಂಕೇತಗಳಲ್ಲಿ ಕಿಂಚಿತ್ ಕಾಲವ್ಯತ್ಯಾಸವಾದರೆ, ಇಲ್ಲದ ನಷ್ಟ ಇದ್ದಂತೆ ತೋರುತ್ತದೆ. ಮೂರನೆಯದು ಸುರುಳಿಯ ವೋಲ್ಟೇಜು ಮತ್ತು ಪ್ರವಾಹಗಳ ಗುಣಲಬ್ಧವನ್ನು ಒಂದು ಆವರ್ತಪೂರ್ತಿ ಕೂಡಿಸುವುದು. ಸುರುಳಿಗೆ ಹೋಗಿ ಮರಳುವ ಶಕ್ತಿ ಬೃಹತ್ತಾದುದು, ನಷ್ಟ ಅದರ ಅತ್ಯಲ್ಪ ಭಾಗ. ತೇರಿನ ಮೇಲೆ ಕುಳಿತ ಹಕ್ಕಿಯ ತೂಕವನ್ನು ತೇರನ್ನೇ ತೂಗಿ ತಿಳಿಯುವ ಸಾಹಸ ಇದು.

ಯಾವ ವಿಧಾನದಿಂದ ಅಳೆದರೂ ಸಿಗುವುದು ಒಟ್ಟು ನಷ್ಟ. ಅದನ್ನು ಬಗೆಗಳಾಗಿ ಬಿಡಿಸಲು ಒಂದು ಅಚ್ಚುಕಟ್ಟಾದ ಯುಕ್ತಿಯಿದೆ. ಹಿಸ್ಟರಿಸಿಸ್ ನಷ್ಟ ಒಂದು ಆವರ್ತಕ್ಕೆ ಇಷ್ಟೆಂದು ನಿಶ್ಚಿತ. ನಿಧಾನವಾಗಿ ಹೋದರೂ ಬೇಗ ಹೋದರೂ ಅದು ಅಷ್ಟೇ. ಸಂಯೋಜನ ನಷ್ಟ ವೇಗದೊಡನೆ ಬೆಳೆಯುತ್ತದೆ. ಆದ್ದರಿಂದ ಒಂದೇ ಆವರ್ತವನ್ನು ಬೇರೆ ಬೇರೆ ವೇಗಗಳಲ್ಲಿ ನಡೆಸಿ, ನಷ್ಟವನ್ನು ವೇಗದ ಎದುರು ನಕ್ಷೆಯಲ್ಲಿ ಗುರುತಿಸಿದರೆ ಒಂದು ಓರೆಗೆರೆ ಬರುತ್ತದೆ. ಗೆರೆಯನ್ನು ಹಿಂದಕ್ಕೆಳೆದು ವೇಗ ಸೊನ್ನೆಯಾಗುವಲ್ಲಿ ಅದು ಮುಟ್ಟುವ ಎತ್ತರವೇ ಹಿಸ್ಟರಿಸಿಸ್ ನಷ್ಟ. ಗೆರೆಯ ಓಟ ಸಂಯೋಜನದ ಕಾಲಾವಧಿಯನ್ನು ಕೊಡುತ್ತದೆ. ವೇಗ ತೀರ ಹೆಚ್ಚಾದರೆ ಗೆರೆ ಬಾಗುತ್ತದೆ. ಆಗ ಕುಣಿಕೆಗಳ ಪ್ರವಾಹವೇ ಒಳಭಾಗವನ್ನು ಕ್ಷೇತ್ರದಿಂದ ಮರೆಮಾಡುತ್ತದೆ. ಸ್ವಿಟ್ಜರ್ಲೆಂಡಿನ ವಿಲ್ಲಿಗೆನ್‌ನಲ್ಲಿರುವ ಸುಲ್ತಾನ್ ಎಂಬ ಪರೀಕ್ಷಾ ಕೇಂದ್ರದಲ್ಲಿ ಇಟರ್‌ನ ವಾಹಕಗಳ ಸುಮಾರು ಮೂರೂವರೆ ಮೀಟರ್ ಉದ್ದದ ತುಂಡುಗಳನ್ನು ಈ ರೀತಿಯಾಗಿ ಪರೀಕ್ಷಿಸಲಾಗಿದೆ.

ನಷ್ಟವನ್ನು ಸೊನ್ನೆಗೆ ಇಳಿಸಿಬಿಟ್ಟರೆ ಅಳೆಯುವ ಗೋಜೇ ಇರುವುದಿಲ್ಲವಲ್ಲ ಎಂದು ವಾಚಕರು ಕೇಳಬಹುದು. ಹಾಗೆ ಮಾಡಿ ನೋಡಿದ ಉದಾಹರಣೆಯೂ ಇದೆ. ಜಪಾನಿನ ನಾಕಾದಲ್ಲಿ 1990ರ ಆಸುಪಾಸಿನಲ್ಲಿ ಪರೀಕ್ಷಿಸಿದ ನಯೋಬಿಯಂ–ಟೈಟೇನಿಯಂ ಸುರುಳಿಗಳಲ್ಲಿ ಪ್ರತಿಯೊಂದು ತಂತಿಗೂ ಅವಾಹಕ ಲೇಪ ಹಚ್ಚಲಾಗಿತ್ತು. ತಂತಿ ತಂತಿಗಳ ನಡುವೆ ಸಂಪರ್ಕವೇ ಇಲ್ಲದಿದ್ದುದರಿಂದ ಅವುಗಳ ನಡುವಣ ಸಂಯೋಜನ ನಷ್ಟ ಅಡಗಿತು. ಆದರೆ 30 ಕಿಲೋ ಆಂಪಿಯರಿನ ಗುರಿಯನ್ನು ಮುಟ್ಟುವ ಮೊದಲೇ ಸುರುಳಿಗಳು ಕ್ವೆಂಚ್ ಆದವು. ಕಾರಣ ವಿಚಾರಣೀಯವಾದುದು. ನೂರಾರು ತಂತಿಗಳು ಒಟ್ಟು ಪ್ರವಾಹವನ್ನು ಸಮನಾಗಿ ಹಂಚಿಕೊಳ್ಳುವುದಿಲ್ಲ. ಕೆಲವಕ್ಕೆ ಹೆಚ್ಚು ಹೊರೆ ಬೀಳುತ್ತದೆ. ಸಂಪರ್ಕವಿದ್ದರೆ ತುಂಬಿದ ತಂತಿ ತನ್ನ ಹೆಚ್ಚಳವನ್ನು ಪಕ್ಕದ ತಂತಿಗೆ ದಾಟಿಸಬಲ್ಲುದು. ಲೇಪ ಆ ದಾರಿಯನ್ನು ಮುಚ್ಚಿತ್ತು. ನಷ್ಟವನ್ನು ಉಂಟುಮಾಡುವ ಸಂಪರ್ಕವೇ ಸುರುಳಿಯನ್ನು ಕಾಯುವುದೂ ಹೌದು ಎಂಬುದು ಅಲ್ಲಿ ತಿಳಿಯಿತು. ಇಂದಿನ ನಯೋಬಿಯಂ–ತವರದ ತಂತಿಗಳ ಮೇಲಿನ ಸುಮಾರು ಎರಡು ಮೈಕ್ರೋಮೀಟರ್ ಕ್ರೋಮಿಯಂ ಲೇಪ ಈ ಎರಡರ ನಡುವಣ ಒಪ್ಪಂದ. ಅದು ಸಂಪರ್ಕವನ್ನು ಕಡಿಯುವುದಿಲ್ಲ, ಕೇವಲ ಬಿಗಿಹಿಡಿಯುತ್ತದೆ. ಬೇಕಾದದ್ದು ಇಲ್ಲದ ನಷ್ಟವಲ್ಲ, ಇಷ್ಟೆಂದು ಗೊತ್ತಿರುವ ನಷ್ಟ.

ಅದು ಎಂದೆಂದಿಗೂ ಇಷ್ಟೇ ಇರುವುದೆಂಬ ಭರವಸೆಯೂ ಇಲ್ಲ. 2000ದಲ್ಲಿ ಅದೇ ನಾಕಾದಲ್ಲಿ ಇಟರ್‌ಗಾಗಿ ಕಟ್ಟಿದ ಸೊಲೆನಾಯ್ಡಿನ ಮಾದರಿ ಸುರುಳಿಯನ್ನು 46 ಕಿಲೋ ಆಂಪಿಯರ್, 13 ಟೆಸ್ಲಾ, 640 ಮೆಗಾಜೌಲ್ ವರೆಗೆ ಏರಿಸಿ ನೋಡಲಾಯಿತು. ಅದರ ನಡುವೆ ಇರಿಸಿದ ಪರೀಕ್ಷಾ ಸುರುಳಿಯನ್ನು ಹತ್ತು ಸಾವಿರ ಸಲ ಏರಿಳಿಸಿದರು. ಏರಿಳಿತ ಮುಂದುವರಿದಂತೆ ಸಂಯೋಜನ ನಷ್ಟ ಇಳಿಯುತ್ತ ಬಂತು. ಇದಕ್ಕೆ ಮೂಲ ವಾಹಕದ ಮೇಲೆ ಬೀಳುವ ಬಲ. ಅಂಥ ಪ್ರವಾಹ, ಅಂಥ ಕ್ಷೇತ್ರದಲ್ಲಿ ಒಂದು ಮೀಟರ್ ಉದ್ದದ ವಾಹಕದ ಮೇಲೆ ಸುಮಾರು 60 ಟನ್ ಭಾರ ಹೇರಿದಂತಾಗುತ್ತದೆ. ಸುಮಾರು 650 ಡಿಗ್ರಿ ಸೆಲ್ಸಿಯಸ್‌ನ ಕುಲುಮೆಯಲ್ಲಿ ಬೇಯಿಸಿದಾಗ ಒಂದಕ್ಕೊಂದು ಅಂಟಿಕೊಂಡಿದ್ದ ತಂತಿಗಳು ಈ ಭಾರಕ್ಕೆ ಕದಲಿ, ಅಂಟು ಬಿಡುತ್ತವೆ; ಸ್ಪರ್ಶರೋಧ ಹೆಚ್ಚುತ್ತದೆ, ನಷ್ಟ ಇಳಿಯುತ್ತದೆ. ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದವರು ದ್ರವ ಹೀಲಿಯಂನ ಉಷ್ಣತೆಯಲ್ಲಿಯೇ ವಾಹಕವನ್ನು ನಲವತ್ತು ಸಾವಿರ ಸಲ ಅಮುಕುವ ಒತ್ತುಯಂತ್ರವೊಂದನ್ನು ಕಟ್ಟಿ, ಈ ಬದಲಾವಣೆಯನ್ನು ಹಂತ ಹಂತವಾಗಿ ಗುರುತಿಸಿದರು. ಹೊಸ ತುಂಡಿನ ಮೇಲೆ ಒಮ್ಮೆ ಅಳೆದ ಸಂಖ್ಯೆಯನ್ನು ಸುಮಾರು 30,000 ಪ್ರಯೋಗಗಳಿಗೆಂದು ಕಟ್ಟುವ ಯಂತ್ರಕ್ಕೆ ಹಾಗೆಯೇ ಹಚ್ಚಬಾರದೆಂಬುದು ಇದರಿಂದ ಖಚಿತವಾಯಿತು. ಇಟರ್‌ನ ಸೊಲೆನಾಯ್ಡಿನ ಘಟಕಗಳನ್ನು ಕ್ಯಾಲಿಫೋರ್ನಿಯಾದ ಜನರಲ್ ಅಟಾಮಿಕ್ಸ್‌ನಲ್ಲಿ ಕಟ್ಟಿ, ಅಲ್ಲಿಯೇ ತಣಿಸಿ, 40 ಕಿಲೋ ಆಂಪಿಯರ್ ವರೆಗೆ ಪರೀಕ್ಷಿಸಿ ಕಳುಹಿಸುವ ಏರ್ಪಾಡಿನ ಹಿಂದೆ ಇಂಥ ಅನುಭವಗಳಿವೆ. 2024ರಲ್ಲಿ ಪ್ರಕಟವಾದ ಪರಿಷ್ಕೃತ ಯೋಜನೆಯಂತೆ ಆ ಯಂತ್ರದ ಸಂಶೋಧನಾ ಪ್ರಯೋಗಗಳು 2034ರಲ್ಲಿ ಆರಂಭವಾಗಬೇಕು.

ಭಾರತದಲ್ಲಿ ಈ ವಿದ್ಯೆಯ ನೆಲೆ ಗುಜರಾತಿನ ಗಾಂಧಿನಗರದ ಬಳಿಯ ಪ್ಲಾಸ್ಮಾ ಸಂಶೋಧನ ಸಂಸ್ಥೆ. ಅಲ್ಲಿನ ಎಸ್.ಎಸ್.ಟಿ.–1 ಟೊಕಮಾಕಿನ ಹದಿನಾರು ಮುಖ್ಯ ಸುರುಳಿಗಳು ನಯೋಬಿಯಂ–ಟೈಟೇನಿಯಂನವು, 0.86 ಮಿಲಿಮೀಟರಿನ 135 ತಂತಿಗಳನ್ನು ಹುರಿಗೊಳಿಸಿ ಉಕ್ಕಿನ ಕವಚದಲ್ಲಿ ಸೇರಿಸಿದ ವಾಹಕದಿಂದ ಅವು ಆಗಿವೆ. ಯಂತ್ರವನ್ನು ಮರುಜೋಡಿಸುವಾಗ ಹದಿನಾರನ್ನೂ ಒಂದೊಂದಾಗಿ ತಣಿಸಿ ಪರೀಕ್ಷಿಸಲಾಯಿತು. 2013ರಲ್ಲಿ ಅಲ್ಲಿ ಮೊದಲ ಪ್ಲಾಸ್ಮಾ ದೊರೆಯಿತು. ಅದರ ನಡುಗಂಬದ ಸೊಲೆನಾಯ್ಡು ಸಾಮಾನ್ಯ ತಾಮ್ರದ್ದು; ಆದರೂ ಅದರ ಕ್ಷೇತ್ರ ಬದಲಾಗುವಾಗಲೆಲ್ಲ ಸುತ್ತಲಿನ ಅತಿವಾಹಕ ಸುರುಳಿಗಳು ಅದನ್ನು ಅನುಭವಿಸುತ್ತವೆ. ಹೀಗಾಗಿ ಸ್ಥಿರ ಪ್ರವಾಹದ ಸುರುಳಿಯೂ ಈ ನಷ್ಟದಿಂದ ಪೂರ್ತಿ ಮುಕ್ತವಲ್ಲ. ಮುಂಬಯಿಯ ಟ್ರಾಂಬೆಯಲ್ಲಿರುವ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ಇದೇ ಮಿಶ್ರಲೋಹದ ಬಹುತಂತು ತಂತಿಗಳನ್ನು ತಯಾರಿಸುವ ಕೆಲಸ ನಡೆದಿದೆ.

ಇತ್ತೀಚೆಗೆ ಅಧಿಕ ಉಷ್ಣತೆಯ ಅತಿವಾಹಕಗಳ ಪಟ್ಟಿಗಳು ಬಳಕೆಗೆ ಬರುತ್ತಿವೆ. 2021ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಅಂಥ ಪಟ್ಟಿಗಳಿಂದ ಕಟ್ಟಿದ ದೊಡ್ಡ ಸುರುಳಿಯೊಂದು 20 ಕೆಲ್ವಿನ್ನಿನಲ್ಲಿ 20 ಟೆಸ್ಲಾ ಕ್ಷೇತ್ರವನ್ನು ಮುಟ್ಟಿತು. 20 ಕೆಲ್ವಿನ್ನಿನಲ್ಲಿ ತಾಮ್ರದ ತಾಳಿಕೆ 4 ಕೆಲ್ವಿನ್ನಿನಲ್ಲಿರುವುದರ ಎಪ್ಪತ್ತು ಪಟ್ಟಿಗೂ ಹೆಚ್ಚು. ಶೈತ್ಯೀಕರಣದ ಆದರ್ಶ ವೆಚ್ಚವೂ ವ್ಯಾಟಿಗೆ 14 ವ್ಯಾಟಿಗೆ ಇಳಿಯುತ್ತದೆ. ಆದರೆ ಈ ಪಟ್ಟಿಗಳಲ್ಲಿ ಅತಿವಾಹಕದ ಪದರ ಸುಮಾರು ಒಂದು ಮೈಕ್ರೋಮೀಟರ್ ದಪ್ಪ, ಕೆಲವು ಮಿಲಿಮೀಟರ್ ಅಗಲ. ಕ್ಷೇತ್ರ ಪಟ್ಟಿಯ ಮುಖಕ್ಕೆ ಸಮಾಂತರವಾಗಿ ಬದಲಾದರೆ ತೆಳುವಾದ ತಂತುವಿನಂತೆ ಅದು ವರ್ತಿಸುತ್ತದೆ. ಲಂಬವಾಗಿ ಬದಲಾದರೆ ಮಿಲಿಮೀಟರ್ ದಪ್ಪದ ಎಳೆಯಂತೆ. ಹೀಗಾಗಿ ಒಂದೇ ಪಟ್ಟಿಯ ನಷ್ಟವನ್ನು ಕ್ಷೇತ್ರದ ಹಲವು ಕೋನಗಳಲ್ಲಿ ಬೇರೆ ಬೇರೆಯಾಗಿ ಅಳೆಯಬೇಕಾಗುತ್ತದೆ. ದುಂಡಗಿನ ತಂತಿಗಳ ಕಾಲದಲ್ಲಿ ಈ ಪ್ರಶ್ನೆ ಇಷ್ಟು ತೀವ್ರವಾಗಿ ಎದುರಾಗಿರಲಿಲ್ಲ.